ಮರೆ ಯಾರ ಹೊಣೆ?

ಹಗಲು ಹೊತ್ತು ತೆಳು ಹತ್ತಿಯ ಪರದೆ ಎಳೆದ ಕಿಟಕಿಯನ್ನು ರಸ್ತೆಯಲ್ಲಿ ನಿಂತು ನೋಡಿದರೆ ಬಟ್ಟೆಯಷ್ಟೇ ಕಾಣುತ್ತದೆ. ಒಳಗೆ ಕುಳಿತವರಿಗೆ ಅದೇ ಬಟ್ಟೆಯ ಎಳೆಗಳ ಸಂದಿಯಿಂದ ಗೇಟು, ದಾರಿಹೋಕರು, ಬರುತ್ತಿರುವ ನೆಂಟರು ಎಲ್ಲವೂ ಕಾಣುತ್ತವೆ. ಮುಸ್ಸಂಜೆಗೆ ಮನೆಯ ದೀಪ ಹೊತ್ತಿತೋ, ಎಲ್ಲವೂ ತಿರುಗಿಬೀಳುತ್ತದೆ. ಈಗ ದಾರಿಯವರಿಗೆ ಒಳಗಿನ ಊಟದ ಮೇಜೂ ಕಾಣುತ್ತದೆ. ಒಳಗಿನವರಿಗೆ ಹೊರಗೆ ಕತ್ತಲೆ ಬಿಟ್ಟರೆ ಬೇರೇನೂ ಇಲ್ಲ.

ಬಟ್ಟೆ ಅದೇ. ಬೆಳಕು ಹೆಚ್ಚಿರುವ ಕಡೆ ಮಾತ್ರ ಬದಲಾಗಿದೆ. ನಡುಹಗಲ ಬಿಸಿಲಿನ ಪ್ರಮಾಣ ಒಂದು ಲಕ್ಷ ಲಕ್ಸ್‌ವರೆಗೂ ಏರುತ್ತದೆ, ಕೋಣೆಯೊಳಗೆ ಇರುವುದು ಕೆಲವೇ ನೂರು. ಬಿಸಿಲು ಬಿದ್ದು ಹೊಳೆಯುವ ನೂಲು ಹೊರಗಿನವರ ಕಣ್ಣಿಗೆ ಒಳಗಿನ ಮಂದ ಬೆಳಕನ್ನು ಮರೆಸಿಬಿಡುತ್ತದೆ. ರಾತ್ರಿ ಕೋಣೆಯಲ್ಲಿ ಬೆಳಕು, ರಸ್ತೆಯಲ್ಲಿ ಕತ್ತಲೆ. ಬೆಳಕಿನಲ್ಲಿರುವವರು ಕಾಣಿಸಿಕೊಳ್ಳುತ್ತಾರೆ, ನೆರಳಿನಲ್ಲಿರುವವರು ನೋಡುತ್ತಾರೆ. ಹಾಗಾದರೆ ಮರೆ ಎಂಬುದು ಅಂಗಡಿಯಿಂದ ಮೀಟರ್ ಲೆಕ್ಕದಲ್ಲಿ ತರುವ ವಸ್ತುವಲ್ಲ. ನೋಡುವವರಿಗೂ ಕಾಣುವವರಿಗೂ ನಡುವಿನ ಒಂದು ಸಂಬಂಧ. ಅದನ್ನು ಕಾಯಬೇಕಾದವರು ಯಾರು ಎಂಬುದು ನನ್ನನ್ನು ಕಾಡುವ ಪ್ರಶ್ನೆ.

ಕಾಸರಗೋಡಿನ ವಿದ್ಯಾನಗರದಂಥ ಜಾಗದಲ್ಲಿ ಈ ಪ್ರಶ್ನೆ ಎದುರಾಗದೆ ಇರುವುದಿಲ್ಲ. ಸರಕಾರಿ ಕಾಲೇಜು ಶುರುವಾದದ್ದು 1957ರಲ್ಲಿ. 1984ರ ಮೇ 24ರಂದು ಕಾಸರಗೋಡು ಜಿಲ್ಲೆಯಾಯಿತು. ಜಿಲ್ಲಾಧಿಕಾರಿಗಳ ಕಚೇರಿ ಇಲ್ಲೇ ನೆಲೆಯಾಯಿತು. ಅಧ್ಯಾಪಕರು, ನೌಕರರು, ವಕೀಲರು, ಕೊಲ್ಲಿಯಲ್ಲಿ ದುಡಿದು ಊರಿಗೆ ಮರಳಿದವರು ಮನೆ ಕಟ್ಟಿದರು. ಕನ್ನಡ, ಮಲಯಾಳ, ತುಳು, ಬ್ಯಾರಿ, ಕೊಂಕಣಿ ಮಾತಾಡುವ ಮನೆಗಳು ಒಂದರ ಪಕ್ಕ ಒಂದು ಎದ್ದವು. ಒಬ್ಬರು ಐದು ಸೆಂಟ್ಸ್‌ನಲ್ಲಿ, ಅಂದರೆ ಸುಮಾರು ಇನ್ನೂರು ಚದರ ಮೀಟರಿನಲ್ಲಿ, ಮನೆ ಕಟ್ಟಿದರೆ ಅವರ ಅಡಿಗೆಮನೆಯ ಕಿಟಕಿಯೂ ಪಕ್ಕದವರ ಮಲಗುವ ಕೋಣೆಯ ಕಿಟಕಿಯೂ ಮುಖಾಮುಖಿ ನಿಲ್ಲುವುದು ಸಹಜ. ಊರ ನಡುವೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 66 ಆರು ಪಥಗಳಿಗೆ ಅಗಲವಾಗುತ್ತ ರಸ್ತೆಯೂ ಮನೆಗಳ ಹತ್ತಿರ ಸರಿಯಿತು. ದಾರಿಯ ಕಣ್ಣಿಗೂ ಕಿಟಕಿಗೂ ನಡುವೆ ನಿಂತಿದ್ದ ಮರ, ಪಾಗಾರ, ಒಂದಿಷ್ಟು ಅಂಗಳ ಹೋದರೆ ಆ ಕೆಲಸವೆಲ್ಲ ಪರದೆಯ ಪಾಲಿಗೆ ಬರುತ್ತದೆ.

ಈ ಸೀಮೆಯ ಹಳೆಯ ಮನೆಗಳಲ್ಲಿ ದೂರವೇ ಮರೆಯಾಗಿತ್ತು. ತೋಟದ ನಡುವೆ ಮನೆ, ಮನೆಯ ಮುಂದೆ ಅಂಗಳ, ತಲೆ ತಗ್ಗಿಸಿಯೇ ಒಳಬರಬೇಕಾದ ಇಳಿಜಾರು ಮಾಡು, ಜಗಲಿಗೆ ಮರದ ದಳಿ, ಮುರಕಲ್ಲಿನ ದಪ್ಪ ಗೋಡೆಯಲ್ಲಿ ಸಣ್ಣ ಕಿಟಕಿ. ಮಂಗಳೂರಿನಲ್ಲಿ 1865ರಲ್ಲಿ ಬಾಸೆಲ್ ಮಿಶನ್ ಹಂಚಿನ ಕಾರ್ಖಾನೆ ತೆರೆದ ಮೇಲೆ ಹುಲ್ಲು, ಸೋಗೆಯ ಮಾಡುಗಳ ಜಾಗಕ್ಕೆ ಹಂಚು ಬಂತು. ಅದರ ನಡುವೆ ಕೂರಿಸಿದ ಒಂದೆರಡು ಗಾಜಿನ ಹಂಚುಗಳು ಯಾರೂ ಇಣುಕಲಾಗದ ಎತ್ತರದಿಂದ ಬೆಳಕನ್ನು ಒಳಗಿಳಿಸಿದವು. ಮಳೆಗಾಲದಲ್ಲಿ ಇರಚಲು ತಡೆಯಲು ಜಗಲಿಗೆ ಮಡಲಿನ ತಟ್ಟಿ ಕಟ್ಟಿದರೆ ಅದೇ ಮರೆಯೂ ಆಗುತ್ತಿತ್ತು. ಬಂದವರು ಅಂಗಳದ ಅಂಚಿನಲ್ಲೇ ನಿಂತು ಗಂಟಲು ಸರಿಮಾಡಿಕೊಂಡು ಕೂಗುತ್ತಿದ್ದರು. ಒಳಗಿನವರಿಗೆ ಸೆರಗು ಸರಿಪಡಿಸಿಕೊಳ್ಳಲು ಅಷ್ಟು ಹೊತ್ತು ಸಿಗುತ್ತಿತ್ತು. ಮರೆಯ ಅರ್ಧ ಭಾಗವನ್ನು ಕಾಯುತ್ತಿದ್ದದ್ದು ಹೊರಗಿನವರ ನಡತೆ.

ಆದರೆ ಆ ವ್ಯವಸ್ಥೆಗೆ ಬೆಲೆ ತೆತ್ತವರು ಯಾರು ಎಂದೂ ಕೇಳಬೇಕು. ಗಂಡಸರಿಗೆ ಜಗಲಿಯ ಗಾಳಿ ಬೆಳಕು; ಹೆಂಗಸರಿಗೆ ಹೊಗೆ ತುಂಬಿದ ಒಳಮನೆ. ಅಂಗಳದ ದೂರವೂ ಎಲ್ಲರಿಗೂ ಒಂದೇ ಅಳತೆಯದಾಗಿರಲಿಲ್ಲ. ಕೆಲವರು ಮರ್ಯಾದೆಯಿಂದ ಅಂಚಿನಲ್ಲಿ ನಿಂತರೆ, ಜಾತಿಯ ಕಾರಣಕ್ಕೆ ಅಂಚಿನಲ್ಲೇ ನಿಲ್ಲಿಸಲ್ಪಟ್ಟವರು ಹಲವರು. ಹಾಗಾಗಿ ಆ ಕಾಲ ಹಾಗೆಯೇ ಮರಳಿ ಬರಲಿ ಎಂದು ನಾನು ಹೇಳಲಾರೆ. ಅದರಲ್ಲಿ ಉಳಿಸಿಕೊಳ್ಳಬೇಕಾದದ್ದು ಒಂದೇ: ಇನ್ನೊಬ್ಬರ ಮನೆಯ ಒಳಭಾಗ ನನ್ನ ಕಣ್ಣಿಗೆ ಸೇರಿದ್ದಲ್ಲ ಎಂಬ ಅರಿವು.

ಈ ಅರಿವನ್ನು ಕಾನೂನು ಕೂಡ ಬರೆದಿಟ್ಟಿದೆ. 1882ರ ಭಾರತೀಯ ಈಸ್‌ಮೆಂಟ್ ಕಾಯ್ದೆ ಮೊದಲು ಜಾರಿಯಾದ ಪ್ರದೇಶಗಳಲ್ಲಿ ಮದ್ರಾಸ್ ಪ್ರಾಂತ್ಯವೂ ಒಂದು. ಆಗ ದಕ್ಷಿಣ ಕನ್ನಡಕ್ಕೆ ಸೇರಿದ್ದ ಕಾಸರಗೋಡು ಅದರೊಳಗೇ ಇತ್ತು. ಇಪ್ಪತ್ತು ವರ್ಷ ಯಾರ ಅಡ್ಡಿಯೂ ಇಲ್ಲದೆ ಹಕ್ಕಾಗಿ ಅನುಭವಿಸಿದ ಕಿಟಕಿಯ ಗಾಳಿ ಬೆಳಕನ್ನು ನೆರೆಯವರು ಮುಚ್ಚುವಂತಿಲ್ಲ ಎನ್ನುತ್ತದೆ ಅದರ 15ನೇ ಕಲಮು. 18ನೇ ಕಲಮು ಊರ ರೂಢಿಯಿಂದ ಹುಟ್ಟುವ ಹಕ್ಕುಗಳ ಕುರಿತದ್ದು. ಅಲ್ಲಿ ಕೊಟ್ಟ ಉದಾಹರಣೆಯಲ್ಲಿ, ನೆರೆಯವರ ಏಕಾಂತಕ್ಕೆ ಭಂಗ ತರುವ ಹೊಸ ಕಿಟಕಿ ತೆರೆಯಬಾರದೆಂಬ ರೂಢಿ ಒಂದು ಪಟ್ಟಣದಲ್ಲಿದೆ. ಆ ರೂಢಿ ಅಕ್ಕಪಕ್ಕದ ಇಬ್ಬರನ್ನೂ ಒಂದೇ ಸಮ ಕಟ್ಟಿಹಾಕುತ್ತದೆ. ಬೆಳಕಿನ ಹಕ್ಕೂ ಮರೆಯ ಹಕ್ಕೂ ಒಂದೇ ಕಾಯ್ದೆಯಲ್ಲಿ, ಮೂರು ಕಲಮುಗಳ ಅಂತರದಲ್ಲಿವೆ. ಎರಡೂ ನೆರೆಯವರ ಮೇಲೆ ಹೊಣೆ ಹೊರಿಸುತ್ತವೆ. ಕಿಟಕಿ ತೆರೆಯುವವರು ಯೋಚಿಸಬೇಕು ಎಂಬುದು ಅಲ್ಲಿನ ತಿರುಳು.

ನೂರಮೂವತ್ತೈದು ವರ್ಷಗಳ ಬಳಿಕ, 2017ರ ಆಗಸ್ಟ್ 24ರಂದು, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆ ಮೊಕದ್ದಮೆಗೆ ಹೆಸರು ಕೊಟ್ಟವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ವಾದ ಎದ್ದದ್ದು ಆಧಾರ್ ಕುರಿತು, ಆದರೆ ಅಲ್ಲಿದ್ದದ್ದೂ ಇದೇ ಪ್ರಶ್ನೆ: ಬೆಳಕಿನಲ್ಲಿ ನಿಲ್ಲಬೇಕಾದವರು ಯಾರು, ಕತ್ತಲಲ್ಲಿ ಕುಳಿತು ನೋಡುವವರು ಯಾರು? ಪ್ರಭುತ್ವದೆದುರು ನಾವು ಕೇಳುವ ಮರೆಯನ್ನು ಪಕ್ಕದ ಮನೆಯವರಿಗೂ ಕೊಡಲು ಕಲಿಯದಿದ್ದರೆ ಆ ಹಕ್ಕು ನಮ್ಮ ಬಾಳಿನೊಳಗೆ ಇಳಿಯುವುದಿಲ್ಲ.

ಇಂದು ಹೊಣೆ ಪೂರ್ತಿಯಾಗಿ ಕಾಣಿಸಿಕೊಳ್ಳುವವರ ಹೆಗಲಿಗೆ ಬಿದ್ದಿದೆ. ಕಾಣಬಾರದಿದ್ದರೆ ನೀವೇ ಮುಚ್ಚಿಕೊಳ್ಳಿ, ಅಷ್ಟೇ. ಅದರ ಫಲ ನಮ್ಮ ಹೊಸ ಮನೆಗಳಲ್ಲಿ ಎದ್ದು ಕಾಣುತ್ತದೆ. ಹಿಂದಿನದಕ್ಕಿಂತ ಎಷ್ಟೋ ದೊಡ್ಡ ಕಿಟಕಿಗಳು, ಅವುಗಳ ಮೇಲೆ ವರ್ಷವಿಡೀ ಸರಿಸದ ದಪ್ಪ ಪರದೆಗಳು, ನಡುಹಗಲಲ್ಲೂ ಉರಿಯುವ ಟ್ಯೂಬ್‌ಲೈಟು. ಮಳೆಗಾಲದಲ್ಲಿ ಆ ಪರದೆಗಳ ಮಡಿಕೆಗಳಲ್ಲಿ ಬೂಷ್ಟು. ಕಾಣಬಾರದೆಂಬ ಹೆದರಿಕೆಗೆ ಬೆಳಕನ್ನೇ ಬಿಟ್ಟುಕೊಟ್ಟಿದ್ದೇವೆ.

ಬಿಟ್ಟುಕೊಡಬೇಕಾಗಿಲ್ಲ. ಈ ಊರಿನ ಸೂರ್ಯನನ್ನು ಬಲ್ಲವರಿಗೆ ದಾರಿಗಳಿವೆ. ಕಾಸರಗೋಡು ಇರುವುದು ಸುಮಾರು ಹನ್ನೆರಡೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಗೂ ಆಗಸ್ಟ್ ಮೂರನೇ ವಾರದ ಹೊತ್ತಿಗೂ ನಡುಹಗಲ ಸೂರ್ಯ ನೆತ್ತಿಯ ಮೇಲಿರುತ್ತಾನೆ. ಆ ನಡುವಿನ ತಿಂಗಳುಗಳಲ್ಲಿ ಬಡಗಕ್ಕೆ ವಾಲುತ್ತಾನೆ. ತೆಂಕಣ, ಬಡಗಣ ಕಿಟಕಿಗಳಿಗೆ ಸನ್‌ಶೇಡ್ ಮತ್ತು ತೆಳು ಪರದೆ ಸಾಕು. ಪಡುವಣ ಕಿಟಕಿಯ ಸಂಗತಿಯೇ ಬೇರೆ. ಸಂಜೆಯ ಓರೆ ಬಿಸಿಲು ಸನ್‌ಶೇಡಿನ ಕೆಳಗಿಂದ ನುಗ್ಗುತ್ತದೆ. ಗಾಜು ದಾಟಿದ ಮೇಲೆ ಒಳಗಿನ ಪರದೆ ಅದನ್ನು ತಡೆದರೂ ಸೆಕೆ ಕೋಣೆಯಲ್ಲೇ ಉಳಿಯುತ್ತದೆ. ಅಲ್ಲಿ ಬೇಕಾದದ್ದು ಹೊರಗೆ ಕಟ್ಟುವ ಬಿದಿರಿನ ತಟ್ಟಿ, ಇಲ್ಲವೇ ಒಂದು ಬಳ್ಳಿಯ ಚಪ್ಪರ.

ರಸ್ತೆಗೆ ಮುಖ ಮಾಡಿದ ಕಿಟಕಿಗೆ ಸ್ಪ್ರಿಂಗಿನಲ್ಲಿ ಕೆಳಗಿನ ಅರ್ಧಕ್ಕಷ್ಟೇ ಕಟ್ಟುವ ಪರದೆಗಿಂತ ಜಾಣ ಉಪಾಯ ನನಗೆ ಗೊತ್ತಿಲ್ಲ. ಕೂತವರಿಗೆ ಮರೆ; ಮೇಲಿನ ಅರ್ಧದಿಂದ ಬಂದ ಬೆಳಕು ಕೋಣೆಯ ಆಳಕ್ಕೆ ತಲುಪುತ್ತದೆ. ಕನ್ನಡಿಯಂತೆ ಹೊಳೆಯುವ ಫಿಲ್ಮ್ ನಂಬಿದವರು ನೆನಪಿಡಬೇಕು, ಅದೂ ಹಗಲಿನ ಮರೆ ಮಾತ್ರ. ರಾತ್ರಿಗೆ ಲೈನಿಂಗ್ ಹಾಕಿದ ಇನ್ನೊಂದು ಪದರ ಬೇಕೇ ಬೇಕು. ಬಟ್ಟೆಗೆ ದೂರ ಹೋಗಬೇಕಿಲ್ಲ: ಕಣ್ಣೂರಿನ ಕೈಮಗ್ಗದ ಗೃಹವಸ್ತ್ರಗಳಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಒಗೆದು ಬಿಸಿಲಿಗೆ ಹಾಕಬಹುದಾದ ಹತ್ತಿ ಈ ಹವೆಗೆ ಒಗ್ಗುತ್ತದೆ.

ಮುಚ್ಚುವುದಕ್ಕೂ ಒಂದು ಹೊತ್ತಿದೆ ಎಂಬುದನ್ನು ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಯಕ್ಷಗಾನದಲ್ಲಿ ಇಬ್ಬರು ಹಿಡಿದ ತೆರೆಯ ಹಿಂದೆ ವೇಷ ಕುಣಿಯುತ್ತದೆ. ಕಿರೀಟ ಕಾಣುತ್ತದೆ, ಹೆಜ್ಜೆ ಕೇಳುತ್ತದೆ, ತಕ್ಕ ಗಳಿಗೆಗೆ ತೆರೆ ಸರಿಯುತ್ತದೆ. ಸರಿಯದೇ ಉಳಿದ ತೆರೆಯಿಂದ ಆಟ ಸಾಗದು. ಮನೆಗೂ ಹಾಗೆಯೇ. ಯಾರಿಗೆ, ಯಾವಾಗ, ಎಷ್ಟು ಕಾಣಬೇಕೆಂದು ತೀರ್ಮಾನಿಸುವ ಅಧಿಕಾರ ಒಳಗಿನವರದು, ಅದರಲ್ಲೂ ಹಗಲೆಲ್ಲ ಆ ಕೋಣೆಯಲ್ಲಿರುವವರದು. ಪರದೆ ಆರಿಸುವಾಗ ಮೊದಲು ಕೇಳಬೇಕಾದದ್ದು ಅವರನ್ನು.

ಎರಡನೆಯದಾಗಿ ಕೇಳಬೇಕಾದದ್ದು ನೆರೆಕರೆಯವರನ್ನು. ಟೇಪು ಹಿಡಿದು ಕಿಟಕಿ ಅಳೆಯುವ ಮೊದಲು ಪಕ್ಕದ ಮನೆಯವರ ಅನುಮತಿ ಕೇಳಿ ಅವರ ಅಂಗಳದಲ್ಲಿ ಹಗಲೊಮ್ಮೆ, ರಾತ್ರಿಯೊಮ್ಮೆ ನಿಂತು ನಮ್ಮ ಮನೆಯನ್ನು ನೋಡೋಣ. ನಮ್ಮ ಅಂಗಳಕ್ಕೆ ಅವರನ್ನೂ ಕರೆಯೋಣ. ನನ್ನ ಯಾವ ಕಿಟಕಿ ಅವರ ಬಚ್ಚಲಿಗೋ ಬಾವಿಕಟ್ಟೆಗೋ ಬಾಯ್ದೆರೆದಿದೆಯೋ ಅದಕ್ಕೆ ಮೊದಲ ಪರದೆ ಬರಲಿ, ಅದರ ಖರ್ಚು ನನ್ನದಾಗಿರಲಿ. ಅವರೂ ಹಾಗೆಯೇ ಮಾಡಿದರೆ ಇಬ್ಬರ ಮನೆಯಲ್ಲೂ ಉಳಿದ ಕಿಟಕಿಗಳನ್ನು ನಿಶ್ಚಿಂತೆಯಿಂದ ತೆರೆದಿಡಬಹುದು. ನೆರೆಯವರ ಸಂಯಮ ನಮಗೆ ಬೆಳಕಾಗಿ ಬರುತ್ತದೆ, ನಮ್ಮದು ಅವರಿಗೆ.