ಪಿತೃಋಣವೂ ವಂಶಾಭಿಮಾನವೂ

ಭಾದ್ರಪದ ಬಹುಳ ಅಮಾವಾಸ್ಯೆ ಬಂದಿತೆಂದರೆ ಶ್ರೀರಂಗಪಟ್ಟಣದ ಬಳಿಯ ಪಶ್ಚಿಮವಾಹಿನಿಯಲ್ಲಿ ಜನಸಂದಣಿ ಹೆಚ್ಚುವುದು. ಪೂರ್ವಾಭಿಮುಖವಾಗಿ ಹರಿಯತಕ್ಕ ಕಾವೇರಿಯು ಅಲ್ಲಿ ಸ್ವಲ್ಪ ದೂರ ಪಶ್ಚಿಮಕ್ಕೆ ತಿರುಗುವುದರಿಂದ ಆ ಸ್ಥಳಕ್ಕೆ ಆ ಹೆಸರು. ಊರೂರುಗಳಿಂದ ಬಂದವರು ನದಿಯ ಮೆಟ್ಟಿಲುಗಳ ಮೇಲೆ ಕುಳಿತು, ಬೆರಳಿಗೆ ಪವಿತ್ರವನ್ನಿಟ್ಟು, ಎಳ್ಳುನೀರನ್ನು ಬಿಡುತ್ತ, ತಂದೆ, ತಾತ, ಮುತ್ತಾತ ಎಂದು ಮೂವರ ಹೆಸರನ್ನು ಉಚ್ಚರಿಸುವರು. ಉಚ್ಚರಿಸಿದ ಹೆಸರು ಗಾಳಿಯಲ್ಲಿ ಕರಗುವುದು. ಬಿಟ್ಟ ನೀರು ನದಿಯನ್ನು ಸೇರುವುದು. ಅಸ್ಥಿಯನ್ನು ತಂದವರು ಅದನ್ನು ಪ್ರವಾಹಕ್ಕೆ ಒಪ್ಪಿಸಿ ಮನೆಯ ದಾರಿ ಹಿಡಿಯುವರು. ೧೯೪೮ರ ಫೆಬ್ರವರಿಯಲ್ಲಿ ಮಹಾತ್ಮಾ ಗಾಂಧಿಯವರ ಚಿತಾಭಸ್ಮದ ಒಂದಂಶವೂ ಇಲ್ಲಿಯೇ ಕಾವೇರಿಯನ್ನು ಸೇರಿತು. ದೊಡ್ಡವರಿಗೂ ಸಾಮಾನ್ಯರಿಗೂ ಆ ನೀರಿನಲ್ಲಿ ಭೇದವಿಲ್ಲ.

ಅಲ್ಲಿಂದ ಅನತಿದೂರದಲ್ಲಿ, ದ್ವೀಪದ ಪೂರ್ವಭಾಗದಲ್ಲಿ, ಇದಕ್ಕೆ ಪ್ರತಿಯಾದ ಬೇರೊಂದು ಪದ್ಧತಿಯನ್ನು ಕಾಣಬಹುದು. ೧೭೮೨ರಲ್ಲಿ ಹೈದರಾಲಿಯು ಮೃತನಾಗಲು ಮಗನಾದ ಟಿಪ್ಪುವು ತಂದೆಗಾಗಿ ಗುಂಬಜನ್ನು ಕಟ್ಟಿಸಿದನು. ತಾಯಿಯ ಗೋರಿಯೂ ಅಲ್ಲಿಯೇ ಆಯಿತು. ೧೭೯೯ರ ಮೇ ತಿಂಗಳಲ್ಲಿ ಕೋಟೆಯು ಬಿದ್ದು ಟಿಪ್ಪುವು ಹತನಾದಾಗ ಅವನನ್ನೂ ತಂದೆತಾಯಿಗಳ ಬಳಿಯಲ್ಲಿಯೇ ಮಣ್ಣುಮಾಡಿದರು. ಗುಂಬಜಿನ ಸಮೀಪದಲ್ಲಿಯೇ ಕರ್ನಲ್ ವಿಲಿಯಂ ಬೈಲಿಯ ಸ್ಮಾರಕವಿರುವುದು. ಈತನು ೧೭೮೦ರ ಪೊಳ್ಳಿಲೂರು ಯುದ್ಧದಲ್ಲಿ ಹೈದರನ ಕೈಗೆ ಸೆರೆಸಿಕ್ಕಿ, ೧೭೮೨ರಲ್ಲಿ ಶ್ರೀರಂಗಪಟ್ಟಣದ ಸೆರೆಯಲ್ಲಿಯೇ ತೀರಿಕೊಂಡವನು. ೧೮೧೬ರಲ್ಲಿ ಅವನ ಮನೆತನದವನೇ ಆದ ಜಾನ್ ಬೈಲಿ ಎಂಬುವನು ಅದನ್ನು ನಿಲ್ಲಿಸಿದನು. ಇನ್ನು ನದಿಯ ದಡದಲ್ಲಿ ದಂಡಿನವರ ಸ್ಮಶಾನವೊಂದುಂಟು. ಅಲ್ಲಿ ಮುನ್ನೂರರಷ್ಟು ಗೋರಿಗಳು. ಇಂದಿನ ಸ್ವಿಟ್ಜರ್ಲೆಂಡಿಗೆ ಸೇರಿದ ನ್ಯೂಶಾಟೆಲ್ ಸೀಮೆಯ ದ ಮ್ಯೂರಾನ್ ಎಂಬ ಪ್ರಭುವು ೧೭೮೧ರಲ್ಲಿ ಡಚ್ಚರ ಕಂಪನಿಗಾಗಿ ಒಂದು ದಂಡನ್ನು ಕಟ್ಟಿದನು. ೧೭೯೫ರಲ್ಲಿ ಆ ದಂಡು ಇಂಗ್ಲಿಷರ ಕೈಕೆಳಗೆ ಬಂದು, ೧೭೯೯ರ ಮುತ್ತಿಗೆಯಲ್ಲಿ ಭಾಗವಹಿಸಿತು. ಅದರ ಅನೇಕರು, ಅವರ ಹೆಂಡಿರು ಮಕ್ಕಳೊಡನೆ, ಈ ಮಣ್ಣಿನಲ್ಲಿ ಉಳಿದರು. ಇನ್ನೂರು ವರ್ಷಗಳು ಕಳೆದಮೇಲೆ, ಈ ಶತಮಾನದ ಮೊದಲ ದಶಕದಲ್ಲಿ, ಅದೇ ದ ಮ್ಯೂರಾನ್ ಮನೆತನದವರು ಸಮುದ್ರವನ್ನು ದಾಟಿ ಬಂದು, ದ್ರವ್ಯವನ್ನು ಕೊಟ್ಟು, ಪೊದೆ ಬೆಳೆದು ಹಾಳಾಗಿದ್ದ ಆ ಗೋರಿಗಳ ಜೀರ್ಣೋದ್ಧಾರಕ್ಕೆ ಕಾರಣರಾದರು.

ಒಂದು ಕಡೆ ಗುರುತನ್ನು ನೀರಿಗೆ ಬಿಡುವವರು. ಒಂದು ಕಡೆ ಗುರುತನ್ನು ಕಲ್ಲಿನಲ್ಲಿ ಉಳಿಸುವವರು, ಉಳಿದುದನ್ನು ಅರಸಿಕೊಂಡು ಬರುವವರು. ಇವರಲ್ಲಿ ಪಿತೃಭಕ್ತಿಯು ಯಾರದು ಹೆಚ್ಚು ಎಂದು ಕೇಳುವುದು ವ್ಯರ್ಥ. ಆದರೆ ಬೇರೊಂದು ಪ್ರಶ್ನೆಯನ್ನು ಕೇಳಲೇಬೇಕಾಗಿದೆ. ಈಚೆಗೆ ತಮ್ಮ ವಂಶದ ಮೂಲವನ್ನು ಹುಡುಕಬೇಕೆಂಬ ಆಸೆಯು ಅನೇಕರಲ್ಲಿ ಬೆಳೆದಿದೆ. ಹಳೆಯ ಕಾಗದಪತ್ರಗಳನ್ನು ತಿರುವುವರು. ಪೂರ್ವಿಕರ ಊರನ್ನು ಕೇಳಿಕೊಂಡು ಹೋಗುವರು. ಉಗುಳಿನ ಹನಿಯನ್ನು ಪರೀಕ್ಷೆಗೆ ಕಳುಹಿಸಿ, ತಮ್ಮ ಹಿರಿಯರು ಯಾವ ದಿಕ್ಕಿನಿಂದ ಬಂದರೆಂದು ತಿಳಿಯಲೂ ಯತ್ನಿಸುವರು. ಈ ಹುಡುಕಾಟವು ಧರ್ಮವೋ, ಅಥವಾ ಧರ್ಮದ ಉಡುಪನ್ನು ತೊಟ್ಟ ಅಹಂಕಾರವೋ?

ಮನುಷ್ಯನು ಹುಟ್ಟುವಾಗಲೇ ಋಷಿಗಳಿಗೆ, ದೇವತೆಗಳಿಗೆ, ಪಿತೃಗಳಿಗೆ ಸಾಲಗಾರನಾಗಿ ಹುಟ್ಟುವನೆಂದು ಶ್ರುತಿಯು ಹೇಳುವುದು. ಮೊದಲನೆಯ ಸಾಲವು ಅಧ್ಯಯನದಿಂದಲೂ, ಎರಡನೆಯದು ಯಜ್ಞದಿಂದಲೂ, ಮೂರನೆಯದು ಸಂತಾನದಿಂದಲೂ ತೀರುವುದಂತೆ. ಈ ಮೂರನೆಯ ಮಾತು ವಿಚಾರಾರ್ಹವಾದುದು. ಸಾಲವನ್ನು ಕೊಟ್ಟವರು ಹಿಂದಿನವರು. ಅದನ್ನು ತೀರಿಸುವುದು ಮುಂದಿನವರಿಗೆ. ಲೌಕಿಕವಾದ ಸಾಲದಲ್ಲಿ ಹೀಗಾದರೆ ಸಾಹುಕಾರನು ಒಪ್ಪುವನೆ? ಆದರೆ ಇಲ್ಲಿ ಬೇರೆ ದಾರಿಯೇ ಇಲ್ಲ. ಮುತ್ತಾತನು ನೆಟ್ಟ ಮಾವಿನ ಹಣ್ಣನ್ನು ತಿಂದವನು ಮುತ್ತಾತನಿಗೆ ಹಣ್ಣನ್ನು ಕೊಡಲಾರನು. ಮೊಮ್ಮಗನಿಗಾಗಿ ಒಂದು ಸಸಿಯನ್ನು ನೆಡಬಲ್ಲನು. ತೋಡಿದ ಬಾವಿ, ಆಡುವ ಭಾಷೆ, ಕೈಕಸುಬು, ಮನೆಯ ನಡವಳಿಕೆ ಇವೆಲ್ಲವೂ ಹಾಗೆಯೇ. ಆದುದರಿಂದ ಪಿತೃಋಣವೆಂಬುದು ಹಿಂದಕ್ಕೆ ನೋಡಿ ಮುಂದಕ್ಕೆ ಸಲ್ಲಿಸತಕ್ಕ ಋಣವು.

ಶ್ರಾದ್ಧದಲ್ಲಿ ಹೆಸರು ಹಿಡಿದು ಕರೆಯುವುದು ಮೂರು ತಲೆಯವರನ್ನು ಮಾತ್ರ. ಅವರಿಗೆ ಹಿಂದಿನ ಮೂವರಿಗೆ ಪಿಂಡವಿಲ್ಲ. ಕೈಗೆ ಅಂಟಿದ ಅನ್ನದ ಲೇಪವಷ್ಟೇ ಅವರ ಭಾಗ. ಅದರಾಚೆಯವರು ಹೆಸರಿಲ್ಲದ ಪಿತೃಸಮೂಹದಲ್ಲಿ ಸೇರಿಹೋಗುವರು. ಈ ಏರ್ಪಾಟಿನಲ್ಲಿ ದೊಡ್ಡ ವಿವೇಕವಿರುವುದು. ಮೂರು ತಲೆಯವರೆಂದರೆ, ಕಂಡ ತಂದೆ, ಮಡಿಲಿನಲ್ಲಿ ಕೂರಿಸಿಕೊಂಡ ತಾತ, ತಾತನ ಬಾಯಿಂದ ಕೇಳಿದ ಮುತ್ತಾತ. ಅಷ್ಟರವರೆಗೆ ಸ್ಮರಣೆಯಲ್ಲಿ ಪ್ರೀತಿಯು ಬೆರೆತಿರುವುದು. ಅದಕ್ಕಿಂತ ಹಿಂದಿನವರ ವಿಷಯದಲ್ಲಿ ಪ್ರೀತಿಯು ತೆಳ್ಳಗಾಗಿ ಹೆಮ್ಮೆಯು ದಪ್ಪವಾಗುವ ಭಯವಿದೆ. ಮರೆಯುವುದಕ್ಕೂ ಶಾಸ್ತ್ರವು ಅನುಮತಿಯನ್ನು ಕೊಟ್ಟಿದೆಯೆಂದು ಇದರಿಂದ ತಿಳಿಯಬಹುದು.

ಆದರೂ ನಮ್ಮ ದೇಶದಲ್ಲಿ ವಂಶವನ್ನು ಬರೆದಿಡುವವರಿಗೆ ಕೊರತೆಯಿಲ್ಲ. ಗಯಾ, ಹರಿದ್ವಾರಗಳ ಪಂಡರ ವಹಿಗಳಲ್ಲಿ ಯಾತ್ರಿಕರ ತಲೆತಲಾಂತರದ ಹೆಸರುಗಳುಂಟು. ಕನ್ನಡನಾಡಿನಲ್ಲಿ ಹೆಳವರಿದ್ದಾರೆ. ಹಿಂದೆ ಎತ್ತಿನ ಮೇಲೆ ಕುಳಿತು ಗಂಟೆಯನ್ನು ಬಾರಿಸುತ್ತ ಒಕ್ಕಲು ಮನೆಗಳಿಗೆ ಬಂದು, ಆ ಮನೆತನದ ಮೂಲಪುರುಷನು ಯಾರು, ಯಾವ ಊರಿನಿಂದ ವಲಸೆ ಬಂದನು, ಅವನಿಗೆ ಮಕ್ಕಳೆಷ್ಟು ಎಂದು ಹೊಗಳಿ ಹೇಳಿ, ಹೊಸದಾಗಿ ಹುಟ್ಟಿದವರ ಹೆಸರನ್ನು ಸೇರಿಸಿಕೊಂಡು, ಕಾಳುಕಡಿಯನ್ನೋ ದನಕರುವನ್ನೋ ಕಾಣಿಕೆಯಾಗಿ ಪಡೆದು ಹೋಗುವುದು ಅವರ ವೃತ್ತಿ. ಓದುಬರಹವಿಲ್ಲದ ಬೇಸಾಯಗಾರನಿಗೂ ಚರಿತ್ರೆಯುಂಟೆಂಬುದನ್ನು ತೋರಿಸಿದವರು ಇವರು. ಅದು ಅಲ್ಪವಾದ ಉಪಕಾರವಲ್ಲ. ಆದರೆ ಹೊಗಳಿಕೆಯಿಂದ ಜೀವಿಸತಕ್ಕವನ ಬಾಯಲ್ಲಿ ಹಿರಿಯರ ಕೀರ್ತಿಯು ಬೆಳೆಯುತ್ತ ಹೋಗುವುದೂ ಸಹಜವೇ.

ವಂಶದ ಹೆಮ್ಮೆಯನ್ನು ಇಳಿಸುವುದಕ್ಕೆ ಲೆಕ್ಕದಂತಹ ಔಷಧಿಯು ಬೇರೊಂದಿಲ್ಲ. ಒಬ್ಬನಿಗೆ ತಂದೆತಾಯಿಗಳು ಇಬ್ಬರು. ಅವರಿಗೆ ತಂದೆತಾಯಿಗಳು ನಾಲ್ವರು. ಅವರಿಗೆ ಎಂಟು ಜನ. ಹೀಗೆ ಹತ್ತನೆಯ ತಲೆಗೆ ಹೋದರೆ ೧,೦೨೪ ಸ್ಥಾನಗಳಾಗುವುವು. ಇಪ್ಪತ್ತನೆಯ ತಲೆಗೆ, ಎಂದರೆ ಸುಮಾರು ಐದುನೂರು ವರ್ಷಗಳ ಹಿಂದಕ್ಕೆ, ೧೦,೪೮,೫೭೬ ಸ್ಥಾನಗಳು. ಒಬ್ಬನೇ ವ್ಯಕ್ತಿಯು ಅನೇಕ ಸ್ಥಾನಗಳಲ್ಲಿ ಬರುವುದರಿಂದ ಜನರ ಸಂಖ್ಯೆಯು ಇದಕ್ಕಿಂತ ಕಡಿಮೆಯಾಗಿದ್ದೀತು. ಹಾಗಿದ್ದರೂ, ‘ನಾನು ಇಂತಹ ವೀರನ ವಂಶದವನು’ ಎಂದು ಒಬ್ಬನು ಹೇಳಿಕೊಂಡರೆ, ಆ ಹಿರಿಯರ ಸಮುದಾಯದಲ್ಲಿ ಕೂಲಿಯವನೂ, ಕಳ್ಳನೂ, ಸನ್ಮಾರ್ಗಿಯೂ, ಮೂಢನೂ ಇದ್ದೇ ಇರಬೇಕಷ್ಟೆ. ಅಷ್ಟು ಜನರಲ್ಲಿ ಅರ್ಧ ಭಾಗ ಹೆಂಗಸರು. ವಂಶಾವಳಿಯ ಕಾಗದಗಳಲ್ಲಿ ಸಾಮಾನ್ಯವಾಗಿ ಅವರ ಹೆಸರೇ ಇರುವುದಿಲ್ಲ. ಒಂದು ಸಾಲಿನ ಗಂಡಸರನ್ನು ಮಾತ್ರ ಆರಿಸಿಕೊಂಡು ಅದನ್ನೇ ವಂಶವೆಂದು ಕರೆಯುವುದು, ಕಾವೇರಿಯ ಒಂದು ಬೊಗಸೆ ನೀರನ್ನು ಹಿಡಿದು ಅದನ್ನೇ ನದಿಯೆಂದು ಹೇಳಿದಂತಾಗುವುದು.

ಹಾಗಾದರೆ ಹುಡುಕುವುದೇ ತಪ್ಪೆಂದು ತೀರ್ಮಾನಿಸಬಾರದು. ಯಾರ ಹಿರಿಯರನ್ನು ಊರಿನಿಂದ ಕಿತ್ತು ದೂರಕ್ಕೆ ಸಾಗಿಸಲಾಯಿತೋ ಅವರಿಗೆ ಈ ಹುಡುಕಾಟವು ಹೆಮ್ಮೆಯ ಮಾತಲ್ಲ. ೧೮೩೪ರಿಂದ ಮೊದಲಾಗಿ ಈ ದೇಶದ ಲಕ್ಷಾಂತರ ಜನರನ್ನು ಕರಾರಿನ ಕೂಲಿಗಳಾಗಿ ಮಾರಿಷಸ್ ದ್ವೀಪದ ಕಬ್ಬಿನ ತೋಟಗಳಿಗೆ ಒಯ್ದರು. ಹಡಗಿನ ಕಾಗದದಲ್ಲಿ ಗುಮಾಸ್ತನು ತನ್ನ ಕಿವಿಗೆ ಕೇಳಿದಂತೆ ಹೆಸರನ್ನು ಬರೆದನು. ಹಳ್ಳಿಯ ಹೆಸರನ್ನು ಕೆಡಿಸಿದನು. ಅವರ ವಂಶಸ್ಥರು ಅಂತಹ ಒಂದು ಕಾಗದವನ್ನು ಹಿಡಿದುಕೊಂಡು ಇಂದು ಹಳ್ಳಿಯನ್ನು ಅರಸಿ ಬಂದರೆ, ಅವರು ಅರಸುವುದು ಕಳೆದುಹೋದ ಮನೆಯನ್ನು. ಕಸಿದುಕೊಂಡ ಹೆಸರನ್ನು ಹಿಂದಕ್ಕೆ ಪಡೆಯುವುದು ಅಹಂಕಾರವಾಗಲಾರದು.

ಕಠಿನವಾದ ಪ್ರಶ್ನೆಯು ಹುಡುಕಿದವನಿಗೆ ಬೇಡವಾದುದು ಸಿಕ್ಕಾಗ ಹುಟ್ಟುವುದು. ಒಬ್ಬ ಗೃಹಸ್ಥನು ತನ್ನ ಮನೆತನದ ಹಳೆಯ ಪತ್ರಗಳನ್ನು ಶೋಧಿಸುತ್ತಿರುವಾಗ, ಈಗ ತಾನು ಅನುಭವಿಸುತ್ತಿರುವ ಗದ್ದೆಯು ಮುತ್ತಾತನ ಕಾಲದಲ್ಲಿ ಒಬ್ಬ ವಿಧವೆಯಿಂದ ಸುಳ್ಳು ಸಾಕ್ಷಿಯ ಮೂಲಕ ಬಂದುದೆಂದು ತಿಳಿಯಿತೆಂದು ಭಾವಿಸಬಹುದು. ಆ ಪತ್ರವನ್ನು ಸುಡುವುದೆ? ಮುತ್ತಾತನನ್ನು ದೂಷಿಸಿ ಶ್ರಾದ್ಧವನ್ನು ನಿಲ್ಲಿಸುವುದೆ? ಅಥವಾ ‘ಅಂದಿನ ಕಾಲವೇ ಹಾಗೆ’ ಎಂದು ಸುಮ್ಮನಾಗುವುದೆ?

ಪುರಾಣೇತಿಹಾಸಗಳು ಈ ಪ್ರಶ್ನೆಯನ್ನು ಮರೆಮಾಡಿಲ್ಲ. ಸಗರನ ಮಕ್ಕಳು ಅರವತ್ತು ಸಾವಿರ ಮಂದಿಯೂ ನಿರಪರಾಧಿಗಳಾಗಿರಲಿಲ್ಲ. ಕುದುರೆಯನ್ನು ಕದ್ದವನು ನೀನೆಂದು ಕಪಿಲಮಹರ್ಷಿಯ ಮೇಲೆ ಏರಿಹೋಗಿ ಬೂದಿಯಾದವರು. ಅಂಶುಮಂತನು ಅವರನ್ನು ಅರಸಿಕೊಂಡು ಹೋಗಿ ಬೂದಿಯನ್ನು ಕಂಡನು. ಆದರೆ ಅವರು ತಪ್ಪುಮಾಡಲಿಲ್ಲವೆಂದು ಅವನೂ ವಾದಿಸಲಿಲ್ಲ, ಅವನ ಮಗ ದಿಲೀಪನೂ ವಾದಿಸಲಿಲ್ಲ, ಮೊಮ್ಮಗ ಭಗೀರಥನೂ ವಾದಿಸಲಿಲ್ಲ. ತಪ್ಪು ನಡೆದುದನ್ನು ಒಪ್ಪಿ, ಅದನ್ನು ತೊಳೆಯಬಲ್ಲ ನೀರನ್ನು ತಂದರು. ಆ ನೀರು ಬೂದಿಯನ್ನು ಮಾತ್ರ ತೊಯ್ಯಿಸಲಿಲ್ಲ. ದಾರಿಯುದ್ದಕ್ಕೂ ಪರರ ಹೊಲಗಳನ್ನೂ ನೆನೆಸಿತು. ಆ ಗೃಹಸ್ಥನಿಗೆ ದಾರಿಯು ಇದರಿಂದ ತೋರುವುದು. ಆ ವಿಧವೆಯ ಸಂತತಿಯನ್ನು ಹುಡುಕಿ ಸಲ್ಲತಕ್ಕುದನ್ನು ಸಲ್ಲಿಸಬೇಕು. ಅವರು ಸಿಕ್ಕದಿದ್ದರೆ ಅಂತಹ ದಿಕ್ಕಿಲ್ಲದವರಿಗೆ ಸಲ್ಲಿಸಬೇಕು. ಮುತ್ತಾತನಿಗೆ ಎಳ್ಳುನೀರನ್ನೂ ಬಿಡಬೇಕು. ಹಾಗೆ ಮಾಡಿದವನು ಮುತ್ತಾತನ ಹೆಸರನ್ನು ಕೆಡಿಸಿದವನಲ್ಲ. ಅವನ ಸಾಲವನ್ನು ತೀರಿಸಿದವನು.

ಮಹಾಭಾರತದ ಆದಿಪರ್ವದಲ್ಲಿ ಇನ್ನೂ ಸೂಕ್ಷ್ಮವಾದ ನಿದರ್ಶನವಿದೆ. ಜರತ್ಕಾರುವೆಂಬ ತಪಸ್ವಿಯು ತಿರುಗುತ್ತಿರುವಾಗ, ಒಂದು ಹಳ್ಳದಲ್ಲಿ ಲಾವಂಚದ ಒಂದೇ ಬೇರನ್ನು ಹಿಡಿದು ತಲೆಕೆಳಗಾಗಿ ನೇತಾಡುತ್ತಿದ್ದ ಕೆಲವರನ್ನು ಕಂಡನು. ಆ ಬೇರನ್ನು ಇಲಿಯೊಂದು ಕಡಿಯುತ್ತಿದ್ದಿತು. ಮರುಕಗೊಂಡು ‘ನೀವು ಯಾರು?’ ಎಂದು ಕೇಳಲು, ಅವರು ತನ್ನ ಪಿತೃಗಳೇ ಎಂದು ತಿಳಿಯಿತು. ಅಪರಿಚಿತರಲ್ಲಿ ತೋರಿಸಿದ ಕರುಣೆಯಿಂದಲೇ ಅವನಿಗೆ ತನ್ನವರ ಪರಿಚಯವಾಯಿತೆಂಬುದು ಗಮನಿಸತಕ್ಕ ಅಂಶ. ಅವರಿಗಾಗಿ ಅವನು ಮದುವೆಯಾದನು; ಆಸ್ತೀಕನು ಹುಟ್ಟಿದನು. ಅದೇ ಕಥೆಯಲ್ಲಿ ಮತ್ತೊಬ್ಬ ಪಿತೃಭಕ್ತನೂ ಉಂಟು. ತಂದೆಯಾದ ಪರೀಕ್ಷಿತನು ಹಾವಿನಿಂದ ಸತ್ತನೆಂದು ಜನಮೇಜಯನು ಸರ್ಪಕುಲವನ್ನೇ ಬೆಂಕಿಗೆ ಹಾಕತೊಡಗಿದನು. ಆ ಯಾಗವನ್ನು ನಿಲ್ಲಿಸಿದವನು ಆಸ್ತೀಕನು. ಇಬ್ಬರೂ ಹಿರಿಯರ ನಿಮಿತ್ತವಾಗಿಯೇ ನಡೆದವರು. ಹಿರಿಯರ ಗಾಯವನ್ನು ನೆನೆದು ಪರರ ಮಕ್ಕಳನ್ನು ಸುಡಲು ಹೊರಟವನೊಬ್ಬ. ಹಿರಿಯರ ಕಷ್ಟದಿಂದ ಹುಟ್ಟಿ ಸುಡುವ ಬೆಂಕಿಯನ್ನು ಆರಿಸಿದವನೊಬ್ಬ. ವಂಶಸ್ಮರಣೆಯು ಇವೆರಡರಲ್ಲಿ ಯಾವ ಕಡೆಗೆ ಒಯ್ಯುತ್ತಿದೆಯೆಂಬುದೇ ಅದರ ಒರೆಗಲ್ಲು.

ಹಿರಿಯರು ಯಾರೆಂದೇ ತಿಳಿಯದವರ ಗತಿಯೇನು? ಛಾಂದೋಗ್ಯದ ಸತ್ಯಕಾಮನು ಗುರುವಿನ ಬಳಿಗೆ ಹೋದಾಗ ಗೋತ್ರವನ್ನು ಹೇಳಲಾರದೆ, ತಾಯಿಯಾದ ಜಬಾಲೆಯು ಹೇಳಿದುದನ್ನು ಹೇಳಿದಂತೆಯೇ ಹೇಳಿದನು. ಗೌತಮನು ಅವನ ಸತ್ಯವನ್ನೇ ಕುಲವೆಂದು ಅಂಗೀಕರಿಸಿದನು. ತಾಯಿಯ ಹೆಸರಿನಿಂದಲೇ ಅವನು ಸತ್ಯಕಾಮ ಜಾಬಾಲನಾದನು. ಮಾಘ ಶುದ್ಧ ಅಷ್ಟಮಿಯಲ್ಲಿ ಭೀಷ್ಮನಿಗೆ ತರ್ಪಣವನ್ನು ಕೊಡುವ ಪದ್ಧತಿಯೂ ಉಂಟು. ಮಕ್ಕಳಿಲ್ಲದ ಆ ಮಹಾತ್ಮನಿಗೆ ಯಾರು ಬೇಕಾದರೂ ನೀರನ್ನು ಬಿಡಬಹುದು. ತಂದೆಯು ಬದುಕಿರುವವನೂ ಬಿಡಬಹುದು. ರಕ್ತಸಂಬಂಧವಿಲ್ಲದವರಿಗೂ ಋಣಿಯಾಗಿರಬೇಕೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಹೇಗೆ?

ಇಷ್ಟನ್ನು ತಿಳಿದಮೇಲೆ, ದೂರದಲ್ಲಿರುವುದನ್ನು ಅರಸುವ ಭರದಲ್ಲಿ ಹತ್ತಿರದ್ದನ್ನು ಮರೆಯುವುದು ಯುಕ್ತವಲ್ಲ. ನಮ್ಮ ಹಳ್ಳಿಗಳಲ್ಲಿ ಹೂಳುವ ಸಂಪ್ರದಾಯವುಳ್ಳ ಮನೆತನಗಳು ಬಹಳ. ಸ್ವಂತ ಹೊಲದ ಮೂಲೆಯಲ್ಲಿಯೇ ಹಿರಿಯರ ಸಮಾಧಿ, ಅಲ್ಲಿಯೇ ಹಾಲುತುಪ್ಪ, ಪಿತೃಪಕ್ಷದಲ್ಲಿ ಮನೆಯಲ್ಲಿ ಹೊಸ ಬಟ್ಟೆಯನ್ನಿಟ್ಟು ಎಡೆ. ಇಂದು ಪೇಟೆಯು ಬೆಳೆದು ಹೊಲಗಳು ನಿವೇಶನಗಳಾಗುತ್ತಿವೆ. ಅಣ್ಣತಮ್ಮಂದಿರು ಹೊಲವನ್ನು ಮಾರುವಾಗ ಸಮಾಧಿಯೂ ಅದರೊಡನೆ ಹೋಗುವುದು. ಹೊಟ್ಟೆಪಾಡಿಗಾಗಿ ಮಾರಿದವನನ್ನು ನಿಂದಿಸುವುದು ಸಲ್ಲದು. ಆದರೆ ಮಾರುವುದಕ್ಕೆ ಮೊದಲು ಮಕ್ಕಳನ್ನು ಕರೆದುಕೊಂಡುಹೋಗಿ, ಇಲ್ಲಿ ಇಂತಹವಳು ಮಲಗಿದ್ದಾಳೆ, ಬರಗಾಲದಲ್ಲಿ ಮನೆಯನ್ನು ಉಳಿಸಿದವಳು ಇವಳು ಎಂದು ಒಂದು ಮಾತು ಹೇಳುವುದಕ್ಕೆ ಹಣವು ಬೇಕಿಲ್ಲ. ಊರ ಹೊರಗೆ ಬಟ್ಟೆಯೊಗೆಯುವ ಕಲ್ಲಾಗಿರುವ ವೀರಗಲ್ಲನ್ನು ಎತ್ತಿ ನಿಲ್ಲಿಸುವುದಕ್ಕೂ ಆ ವೀರನ ವಂಶದವರೇ ಬರಬೇಕೆಂಬ ನಿಯಮವಿಲ್ಲ. ತುರುಗಳನ್ನು ಬಿಡಿಸಲು ಸತ್ತವನು ಸತ್ತುದು ಊರಿಗಾಗಿ.

ಶ್ರೀರಂಗಪಟ್ಟಣದ ದಂಡಿನ ಸ್ಮಶಾನವನ್ನು ನೋಡಿದವರಲ್ಲಿ, ಮುತ್ತಿಗೆ ಹಾಕಲು ಬಂದವರ ಗೋರಿಗೆ ಇಷ್ಟು ಮರ್ಯಾದೆಯೇಕೆ ಎಂದು ಕೇಳುವವರುಂಟು. ಆ ದಂಡಿನವರು ಕೂಲಿಗಾಗಿ ಹೋರಾಡಿದವರೆಂಬುದು ನಿಜ. ಅವರ ಕೈಯಿಂದ ಈ ಊರಿನವರು ಸತ್ತುದೂ ನಿಜ. ಬಂದ ವಂಶಸ್ಥರು ಅದನ್ನು ಮರೆಯಬೇಕಾಗಿಲ್ಲ, ಊರಿನವರೂ ಮರೆಯಬೇಕಾಗಿಲ್ಲ. ಆದರೆ ಅಲ್ಲಿ ಎಳೆಯ ಮಕ್ಕಳೂ ಇದ್ದಾರೆ, ಮಕ್ಕಳನ್ನು ಕಳೆದುಕೊಂಡ ತಾಯಂದಿರೂ ಇದ್ದಾರೆ. ಕಲ್ಲನ್ನು ಒರಸಿ ಹೆಸರನ್ನು ಓದಿದವನು ಒಂದು ಕ್ಷಣ ಆ ಗೋರಿಗೂ ಗುಂಬಜಿಗೂ ನಡುವೆ ನಿಂತು, ಎರಡೂ ಕಡೆಗಳಲ್ಲಿ ತಂದೆಗಾಗಿ ಅತ್ತ ಮಗನೊಬ್ಬನಿದ್ದನೆಂಬುದನ್ನು ಕಂಡುಕೊಂಡರೆ, ಅವನ ಯಾತ್ರೆಯು ಸಫಲವಾದಂತೆ.

ಕಾವೇರಿಯು ಬೂದಿಯನ್ನೂ ಬೈಲಿಯ ದೇಶದವರ ಗೋರಿಗಳ ನೆರಳನ್ನೂ ಹೊತ್ತು ಮುಂದಕ್ಕೆ ಹರಿಯುತ್ತಿದೆ. ಮೆಟ್ಟಿಲಿನ ಮೇಲೆ ಕುಳಿತು ಮೂರು ಹೆಸರನ್ನು ಹೇಳಿದವನು ಎದ್ದು ಮನೆಗೆ ಹೋಗುವನು. ಅಲ್ಲಿ ಅವನ ಮಗನು ಅವನನ್ನು ಕಾದಿರುವನು. ತನ್ನ ಹೆಸರೂ ಮುಂದೊಂದು ದಿನ ಆ ಮೂರರಲ್ಲಿ ಒಂದಾಗುವುದೆಂದೂ, ಆಮೇಲೆ ಲೇಪವಾಗಿ, ಕಡೆಗೆ ಹೆಸರಿಲ್ಲದೆಯೂ ಹೋಗುವುದೆಂದೂ ಅವನು ಬಲ್ಲನು. ಹೆಸರು ಹೋದಮೇಲೂ ಉಳಿಯುವಂತಹದನ್ನು ಮಗನ ಕೈಯಲ್ಲಿ ಇಡುವುದೇ ಅವನಿಗೆ ಉಳಿದ ಕೆಲಸ.