ಬಾಡಿದ ಗಿಡಕ್ಕೆ ಬೇಕಾದದ್ದು ನೀರೇ?

ನಿಮ್ಮ ಮನೆಯಂಗಳದಲ್ಲೂ ನಿತ್ಯಪುಷ್ಪದ ಗಿಡವಿರಬಹುದು. ಒಂದೆರಡು ಅಡಿ ಎತ್ತರದ, ಐದು ಎಸಳಿನ ಗುಲಾಬಿ ಇಲ್ಲವೇ ಬಿಳಿ ಹೂವಿನ ಈ ಗಿಡದ ತವರು ಮಡಗಾಸ್ಕರ್ ದ್ವೀಪ. ಗೋಡೆಯ ಬಿರುಕಿನಲ್ಲೂ ಸಮಾಧಿಗಳ ಬದಿಯಲ್ಲೂ ತಾನಾಗಿ ಹುಟ್ಟಿ, ವರ್ಷವಿಡೀ ಹೂ ಬಿಡುತ್ತದೆ.

ಇಂತಹ ಗಿಡವನ್ನೂ ನಾನೊಮ್ಮೆ ಸಾಯಿಸಿದ್ದೇನೆ, ಅಸಡ್ಡೆಯಿಂದಲ್ಲ, ಅಕ್ಕರೆಯಿಂದ. ಕುಂಡದಲ್ಲಿ ನೆಟ್ಟು ಬೆಳಿಗ್ಗೆ ಸಂಜೆ ನೀರೆರೆದೆ. ಕೆಲವೇ ವಾರಗಳಲ್ಲಿ ಎಲೆಗಳು ಜೋತುಬಿದ್ದವು. ಬಾಯಾರಿಕೆಯೆಂದು ತಿಳಿದು ಇನ್ನೂ ಒಂದು ಚೊಂಬು ಹೊಯ್ದೆ. ಕೊನೆಗೆ ಕಿತ್ತು ನೋಡಿದಾಗ ಬೇರು ಕಪ್ಪಾಗಿ ಕೊಳೆತಿತ್ತು. ನೀರು ನಿಂತ ಮಣ್ಣಿನಲ್ಲಿ ಬೇರಿಗೆ ಗಾಳಿಯಿಲ್ಲ. ಕೊಳೆತ ಬೇರು ನೀರನ್ನು ಹೀರಲಾರದು. ನೀರಿಲ್ಲದೆ ಬಾಡಿದ ಗಿಡ, ನೀರು ಹೆಚ್ಚಾಗಿ ಬಾಡಿದ ಗಿಡ, ಎರಡೂ ಕಣ್ಣಿಗೆ ಒಂದೇ ತೆರನಾಗಿ ಕಾಣುತ್ತವೆ.

ನಮ್ಮ ಕುಟುಂಬಗಳಲ್ಲೂ ಹೀಗಾಗುವುದಿಲ್ಲವೇ? ಮಗ ಮಂಕಾಗಿದ್ದರೆ ಕೈಗೆ ಹಣ ತುರುಕುತ್ತೇವೆ. ಅವನ ಸಾಲವನ್ನು ನಾವೇ ತೀರಿಸುತ್ತೇವೆ, ಅವನ ತಪ್ಪಿಗೆ ನಾವೇ ಹೋಗಿ ಕ್ಷಮೆ ಕೇಳುತ್ತೇವೆ. ಅವನು ಇನ್ನಷ್ಟು ಬಾಡಿದರೆ, ನಮ್ಮ ಪ್ರೀತಿ ಸಾಲಲಿಲ್ಲವೆಂದು ಮತ್ತಷ್ಟು ಸುರಿಯುತ್ತೇವೆ.

ಹಾಗಾದರೆ ಕೈಕಟ್ಟಿ ಕುಳಿತುಕೊಳ್ಳಬೇಕೇ? ಕಷ್ಟವೇ ಪಾಠ ಕಲಿಸಲಿ ಎಂದು, ನಿಜವಾಗಿ ಬಾಯಾರಿದವರಿಗೂ ನೀರು ಕೊಡದವರಿದ್ದಾರೆ. ಅದು ವಿವೇಕವಲ್ಲ, ಜಿಪುಣತನ. ಎಷ್ಟು ಕೊಡಬೇಕೆಂಬುದನ್ನು ನಮ್ಮ ಅಕ್ಕರೆಯೂ ನಿರ್ಧರಿಸಬಾರದು, ನಮ್ಮ ಬೇಸರವೂ ನಿರ್ಧರಿಸಬಾರದು. ಪಡೆಯುವವರ ಅಗತ್ಯವೇ ಅಳತೆಯಾಗಬೇಕು.

ಇದಕ್ಕೂ ಈ ಗಿಡವೇ ಸಾಕ್ಷಿ. ಇದನ್ನು ತಿಂದರೆ ವಿಷ. ಆದರೆ 1958ರಲ್ಲಿ ಕೆನಡಾದ ವಿಜ್ಞಾನಿಗಳಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬೀರ್ ಇದರ ಎಲೆಗಳಿಂದ ಕ್ಯಾನ್ಸರಿಗೆ ಮದ್ದಾಗುವ ವಿನ್‌ಬ್ಲಾಸ್ಟಿನ್ ಎಂಬ ಅಂಶವನ್ನು ಬೇರ್ಪಡಿಸಿದರು. ಇದೇ ಗಿಡದ ವಿನ್‌ಕ್ರಿಸ್ಟಿನ್ ಇಂದಿಗೂ ರಕ್ತ ಕ್ಯಾನ್ಸರ್ ತಗುಲಿದ ಮಕ್ಕಳಿಗೆ ಆಸರೆ. ವೈದ್ಯರು ಅದನ್ನು ಮಗುವಿನ ಮೈಯಳತೆ ನೋಡಿ ಮಿಲಿಗ್ರಾಂ ಲೆಕ್ಕದಲ್ಲಿ ಕೊಡುತ್ತಾರೆ. ಹೆಚ್ಚಾದರೆ ಅದೇ ಮದ್ದು ನರಗಳನ್ನು ಕೆಡಿಸುತ್ತದೆ.

ಈಗ ನನ್ನ ಕುಂಡದಲ್ಲಿ ಮರಳು ಬೆರೆಸಿದ ಮಣ್ಣಿದೆ, ತಳದಲ್ಲಿ ತೂತಿದೆ. ನೀರೆರೆಯುವ ಮೊದಲು ಮಣ್ಣಿಗೆ ಬೆರಳಿಳಿಸಿ ನೋಡುತ್ತೇನೆ. ಒಳಗೆ ಒಣಗಿದ್ದರೆ ಮಾತ್ರ ನೀರು.

ನಿಮ್ಮ ಮನೆಯಲ್ಲಿ ಯಾರಾದರೂ ಬಾಡಿದಂತೆ ಕಂಡರೆ, ಕೊಡುವ ಮುಂಚೆ ಅವರ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತು ಕೇಳಿ. ಚೊಂಬು ನೀರು ಹೊಯ್ಯುವುದಕ್ಕಿಂತ ಇದಕ್ಕೆ ಹೆಚ್ಚು ಸಮಯ ಬೇಕು. ಎಷ್ಟೋ ಸಲ ನಾವು ಕೈತುಂಬ ಕೊಟ್ಟುಬಿಡುವುದು, ಆ ಸಮಯವನ್ನು ಕೊಡಲು ಮನಸ್ಸಿಲ್ಲದ್ದರಿಂದಲೇ.