ಹೆಸರೂ ಹಕ್ಕೂ ಕೊಡುವ ತಂದೆ (ರೋಮಾಪುರದವರಿಗೆ 8:14-17)

ಬೈಬಲ್ ಇದ್ದವರು ಬೈಬಲ್, ಮೊಬೈಲ್ ಇದ್ದವರು ಮೊಬೈಲ್ ತೆಗೀರಿ. ರೋಮಾಪುರದವರಿಗೆ ಬರೆದ ಪತ್ರ, ಎಂಟನೇ ಅಧ್ಯಾಯ, 14ರಿಂದ 17.

ಪೌಲನು ಇಲ್ಲಿ ಎರಡು ವಿಷಯ ಹೇಳ್ತಾನೆ. ದೇವರು ನಮ್ಮನ್ನು ಮಕ್ಕಳಾಗಿ ಸ್ವೀಕರಿಸಿದ್ದಾನೆ. ಮಕ್ಕಳಾದ ಮೇಲೆ ನಾವು ಬಾಧ್ಯರು, ಅಂದ್ರೆ ವಾರಸುದಾರರು. ರೋಮ್ ಪಟ್ಟಣದ ವಿಶ್ವಾಸಿಗಳಿಗೆ ಇದು ಚೆನ್ನಾಗಿ ಅರ್ಥ ಆಗಿರುತ್ತೆ. ಆಗಿನ ಚಕ್ರವರ್ತಿ ನೀರೋನೇ ದತ್ತುಮಗ. ಕ್ಲಾಡಿಯಸ್ ದತ್ತು ತಗೊಂಡಿದ್ದರಿಂದಲೇ ಅವನಿಗೆ ಸಿಂಹಾಸನದ ದಾರಿ ತೆರೆಯಿತು.

ಅಷ್ಟು ದೂರ ಯಾಕೆ? ನಾನು ಹೆಮ್ಮಿಗೆಯವನು, ತಲಕಾಡಿಗೆ ಹತ್ತಿರ. ಅಲಮೇಲಮ್ಮನ ಶಾಪದಿಂದ ಮೈಸೂರು ಅರಸರಿಗೆ ಸಂತಾನ ಇಲ್ಲ ಅನ್ನೋ ಕಥೆ ಕೇಳದೆ ನಮ್ಮ ಕಡೆ ಯಾರೂ ಬೆಳೆಯೋದಿಲ್ಲ. ಆದ್ರೆ ಇತಿಹಾಸ ನೋಡಿ. 1865ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಒಂದು ಮಗುವನ್ನು ದತ್ತು ತಗೊಂಡ್ರು. ಬ್ರಿಟಿಷ್ ಸರ್ಕಾರ ಅದನ್ನು ಒಪ್ಪಿದ್ದು 1867ರಲ್ಲಿ. 1881ರಲ್ಲಿ ಅದೇ ಮಗ, ಚಾಮರಾಜೇಂದ್ರ ಒಡೆಯರ್, ರಾಜ್ಯವನ್ನು ವಾಪಸ್ ಪಡೆದರು. 2015ರಲ್ಲಿ ಪ್ರಮೋದಾದೇವಿ ಒಡೆಯರ್ ಅವರು ಯದುವೀರ್ ಅವರನ್ನು ದತ್ತು ತಗೊಂಡ್ರು. ಪ್ರೀತಿಯಿಂದ ಸಾಕಿದರಷ್ಟೇ ಸಾಲಲಿಲ್ಲ. ಹೆಸರು ಬೇಕಿತ್ತು, ಹಕ್ಕು ಬೇಕಿತ್ತು, ಅದು ಎಲ್ಲರ ಮುಂದೆ ಆಗಬೇಕಿತ್ತು.

ಒಂದು ಮಾತು. ಮಕ್ಕಳಿಲ್ಲದ ಅಕ್ಕತಂಗಿಯರಿಗೆ "ಶಾಪ ಇರಬೇಕು" ಅನ್ನೋದು ಸಭೆಯ ಒಳಗೂ ಕೇಳಿಸುತ್ತೆ. ದಯವಿಟ್ಟು ನಿಲ್ಲಿಸಿ. ಯೇಸುವಿನ ರಕ್ತದ ಕೆಳಗೆ ಇರುವವರ ಮೇಲೆ ಯಾವ ಶಾಪವೂ ಇಲ್ಲ. ಆಮೆನ್ ಹೇಳ್ತೀರಾ?

ಈಗ ಕಾನೂನಿಗೆ ಬರೋಣ. 1956ರ ಹಿಂದೂ ದತ್ತಕ ಕಾಯ್ದೆ ನಮಗೆ, ಕ್ರೈಸ್ತರಿಗೆ, ಅನ್ವಯಿಸೋದಿಲ್ಲ. ಬಹಳ ಕಾಲ ನಮಗಿದ್ದದ್ದು 1890ರ ಪಾಲಕರ ಕಾಯ್ದೆ. ಅದರಲ್ಲಿ ನೀವು ಮಗುವಿಗೆ ಪಾಲಕರು ಮಾತ್ರ. ಮಗುವಿಗೆ 18 ತುಂಬಿದ ದಿನ ಆ ಸಂಬಂಧ ಕಾನೂನಿನಲ್ಲಿ ಮುಗೀತು. ಬಾಲನ್ಯಾಯ ಕಾಯ್ದೆ ಬಂದ ಮೇಲೆ ಬಾಗಿಲು ತೆರೀತು. 2014ರಲ್ಲಿ ಶಬ್ನಮ್ ಹಾಶ್ಮಿ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು: ಯಾವ ಧರ್ಮದವರೇ ಆಗಲಿ, ಈ ಕಾಯ್ದೆಯ ಕೆಳಗೆ ದತ್ತು ತಗೋಬಹುದು. 2015ರ ಕಾಯ್ದೆಯ ಪ್ರಕಾರ ದತ್ತು ಆದೇಶ ಆದ ದಿನದಿಂದ ಆ ಮಗು ನಿಮಗೇ ಹುಟ್ಟಿದ ಮಗುವಿಗೆ ಸಮಾನ. ಆಸ್ತಿಯಲ್ಲೂ ಸಹ.

ಕಳೆದ ವರ್ಷ ಒಬ್ಬ ಬ್ರದರ್ ತಮ್ಮ ಹೆಂಡತಿ ಜೊತೆ ಪ್ರಾರ್ಥನೆಗೆ ಬಂದ್ರು. ಅವರ ಅನುಮತಿ ತಗೊಂಡೇ ಹೇಳ್ತಿದ್ದೀನಿ. ಮದುವೆಯಾಗಿ ಒಂಬತ್ತು ವರ್ಷ. ಪರಿಚಯದವರೊಬ್ಬರು ಫೋನ್ ಮಾಡಿದ್ರಂತೆ: "ಮದುವೆಯಾಗದ ಹುಡುಗಿ, ಹೆರಿಗೆ ಹತ್ತಿರ ಇದೆ. ಮಗು ತಗೊಂಡು ಹೋಗಿ. ಜನನ ಪ್ರಮಾಣಪತ್ರ ನಿಮ್ಮ ಹೆಸರಿಗೇ ಮಾಡಿಸ್ತೀವಿ. ಸ್ವಲ್ಪ ಖರ್ಚಾಗುತ್ತೆ." ಆ ಸಿಸ್ಟರ್ ಕೇಳಿದ್ರು, "ಪಾಸ್ಟರ್, ಇದು ದೇವರ ಉತ್ತರ ಅಲ್ವಾ?"

ಅವರ ಮುಖ ನೋಡಿ "ಬೇಡಮ್ಮಾ" ಅನ್ನೋದು ಸುಲಭ ಇರಲಿಲ್ಲ. ಆದರೂ ಬೇಡ ಅಂದೆ. ಸುಳ್ಳು ಪ್ರಮಾಣಪತ್ರದ ಮೇಲೆ ನಿಂತ ಮಗುವಿನ ಹಕ್ಕು ಮುಂದೆ ಯಾವ ದಿನ ಬೇಕಾದ್ರೂ ಕುಸಿಯಬಹುದು. ವಿಧಾನ ಬಿಟ್ಟು ಮಗು ಕೊಟ್ಟವರಿಗೂ ತಗೊಂಡವರಿಗೂ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ದಂಡ, ಅಥವಾ ಎರಡೂ ಆಗಬಹುದು. ಹೆತ್ತವಳಿಗೂ ಹಕ್ಕಿದೆ: ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಮಗುವನ್ನು ಒಪ್ಪಿಸಿದ ಮೇಲೂ ಮನಸ್ಸು ಬದಲಾಯಿಸೋದಕ್ಕೆ 60 ದಿನ. ಆ ಹುಡುಗಿಯ ಕಣ್ಣೀರು ನಮ್ಮ ಆಶೀರ್ವಾದ ಆಗಬೇಕಾ? ನಾವು 1098ಕ್ಕೆ ಫೋನ್ ಮಾಡಿ ಅವಳ ವಿಷಯ ತಿಳಿಸಿದ್ವಿ. ಆ ದಂಪತಿ ಕಾರಾದಲ್ಲಿ, ಅಂದ್ರೆ ಕೇಂದ್ರೀಯ ದತ್ತು ಪ್ರಾಧಿಕಾರದಲ್ಲಿ, ಹೆಸರು ನೋಂದಾಯಿಸಿದ್ರು. ಸಮಾಜ ಕಾರ್ಯಕರ್ತರು ಮನೆಗೆ ಬಂದು ನೋಡಿ ವರದಿ ಬರೆದ್ರು. ಮಗು ಇನ್ನೂ ಬಂದಿಲ್ಲ. ಕಾಯ್ತಿದ್ದಾರೆ. ಅವರಿಗಾಗಿ ಪ್ರಾರ್ಥಿಸಿ.

ಇನ್ನು ಕೆಲವರ ಮನೆಯಲ್ಲಿ ತೀರಿಹೋದ ಅಣ್ಣನ ಮಗನೋ, ಅಕ್ಕನ ಮಗಳೋ ಬೆಳೀತಿದ್ದಾರೆ. ಮೊರ್ದೆಕೈ ತಬ್ಬಲಿ ಎಸ್ತೇರಳನ್ನು ಮಗಳಾಗಿ ತಗೊಂಡ ಹಾಗೆ. ಸ್ತೋತ್ರ! ಆದ್ರೆ ನಾಳೆ ನಿಮಗೇನಾದ್ರೂ ಆದ್ರೆ ಆ ಮಗುವಿನ ಗತಿ ಏನು? ದೊಡ್ಡಪ್ಪ, ಚಿಕ್ಕಪ್ಪ, ಅತ್ತೆ, ಸೋದರಮಾವ, ದೊಡ್ಡಮ್ಮ, ಚಿಕ್ಕಮ್ಮ, ಅಜ್ಜ, ಅಜ್ಜಿ ಇವರಿಗೆ ಕಾಯ್ದೆಯಲ್ಲಿ ಸಂಬಂಧಿಕರ ದತ್ತು ಅಂತ ಪ್ರತ್ಯೇಕ ದಾರಿ ಇದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ಕೇಳಿ. 2021ರ ತಿದ್ದುಪಡಿ ಜಾರಿಗೆ ಬಂದ ಮೇಲೆ ಆದೇಶ ಕೊಡೋರು ಜಿಲ್ಲಾಧಿಕಾರಿ.

ಪ್ರೀತಿಯ ಯುವಜನರೇ, ನಮ್ಮ ತಂದೆ ನಮ್ಮನ್ನು ಮನೆಯಲ್ಲಿ ಇಟ್ಟುಕೊಂಡು ಹೊರಗೆ ಹೇಳಿಕೊಳ್ಳೋಕೆ ನಾಚಲಿಲ್ಲ. 18 ವರ್ಷಕ್ಕೆ ಕೈಬಿಡೋ ಪಾಲಕನೂ ಅವನಲ್ಲ. ತನ್ನ ಮಗನ ರಕ್ತದಲ್ಲಿ ಸಹಿ ಮಾಡಿದ, ಪವಿತ್ರಾತ್ಮನ ಮುದ್ರೆ ಒತ್ತಿದ, ಕ್ರಿಸ್ತನ ಜೊತೆ ನಮ್ಮನ್ನು ಬಾಧ್ಯರನ್ನಾಗಿ ಮಾಡಿದ. ಹೀಗೆ ಸ್ವೀಕಾರವಾದ ನಾವು ಇನ್ನೊಂದು ಮಗುವನ್ನು ಅರ್ಧ ಸ್ವೀಕರಿಸಬಾರದು.

ಕಣ್ಣು ಮುಚ್ಚೋಣ. ಕರ್ತನೇ, ಕಾಯುತ್ತಿರುವ ಮನೆಗಳನ್ನು ಬಲಪಡಿಸು. ಕಾಯುತ್ತಿರುವ ಮಕ್ಕಳನ್ನು ಕಾಪಾಡು. ಹೆತ್ತು ಒಪ್ಪಿಸಿದ ತಾಯಂದಿರನ್ನು ಸಂತೈಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.